ದೀಪ ಮಂಕಾಗುವ ಮನೆ

ಲಂಡನ್ನಿನ ಒಂದು ಮನೆ. ಗಂಡ ಹೊರಗೆ ಹೋದ ಸ್ವಲ್ಪ ಹೊತ್ತಿಗೆ ಹೆಂಡತಿಯ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ. ಯಾರೂ ಇಲ್ಲದ ಅಟ್ಟದಲ್ಲಿ ಹೆಜ್ಜೆಯ ಸಪ್ಪಳ. ಗಂಡ ಮಾತ್ರ ಎಲ್ಲವೂ ಅವಳ ಭ್ರಮೆ ಎನ್ನುತ್ತಾನೆ. ಪ್ಯಾಟ್ರಿಕ್ ಹ್ಯಾಮಿಲ್ಟನ್‌ನ 1938ರ ‘ಗ್ಯಾಸ್ ಲೈಟ್’ ನಾಟಕದ ಈ ಕಥೆ 1940ರಲ್ಲಿ ಬ್ರಿಟನ್ನಿನಲ್ಲೂ 1944ರಲ್ಲಿ ಹಾಲಿವುಡ್‌ನಲ್ಲೂ ಸಿನಿಮಾ ಆಯಿತು. ಎರಡನೆಯದನ್ನು ತೆಗೆದ ಎಂ.ಜಿ.ಎಂ. ಕಂಪನಿ ಮೊದಲನೆಯದರ ಪ್ರತಿಗಳೇ ಉಳಿಯದಂತೆ ಮಾಡಲು ಹೊರಟಿತ್ತು. ನೆನಪನ್ನು ಅಳಿಸುವವನ ಕಥೆಗೇ ಬಂದ ಗತಿ ನೋಡಿ!

ಜಾರ್ಜ್ ಕ್ಯೂಕರ್ ನಿರ್ದೇಶನದ 1944ರ ಚಿತ್ರದಲ್ಲಿ ಹೆಂಡತಿ ಪೌಲಾ ಆಗಿ ನಟಿಸಿದ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಬಂತು. ಗಂಡನ ಪಾತ್ರ ಚಾರ್ಲ್ಸ್ ಬೋಯರ್‌ನದು. ಅವನು ಕೊಟ್ಟ ಒಡವೆ ಅವಳ ಕೈಚೀಲದಿಂದ ಮಾಯವಾಗುತ್ತದೆ. ಗೋಡೆಯ ಚಿತ್ರಪಟ ಕಾಣದಾಗುತ್ತದೆ. ತಾನು ತೆಗೆದಿಲ್ಲ ಎಂದು ಮನೆಗೆಲಸದವಳು ಬೈಬಲ್ ಮುಟ್ಟಿ ಆಣೆ ಮಾಡಬೇಕು. ಆಗ ಉಳಿಯುವವಳು ಪೌಲಾ ಒಬ್ಬಳೇ! ಇಷ್ಟೆಲ್ಲ ಮೃದುವಾದ, ಮರುಕದ ದನಿಯಲ್ಲೇ ನಡೆಯುತ್ತದೆ. ಒಮ್ಮೆ ಹೊಸಿಲು ದಾಟಲು ಹೊರಟ ಪೌಲಾ, ಎಲ್ಲಿಗೆಂದು ಕೆಲಸದ ಹುಡುಗಿ ಕೇಳಿದ್ದಕ್ಕೇ ಒಳಗೆ ಮರಳುತ್ತಾಳೆ. ಬೀಗವಿಲ್ಲದ ಸೆರೆಮನೆ ಅದು. ಅವಳನ್ನು ಸಾಕಿದ ಗಾಯಕಿಯನ್ನು ಹಿಂದೆ ಕೊಂದವನು ಇವನೇ. ಆಕೆಯ ರತ್ನಗಳಿಗಾಗಿ ರಾತ್ರಿ ಅಟ್ಟ ಜಾಲಾಡುತ್ತಾನೆ. ಅಲ್ಲಿ ದೀಪ ಹಚ್ಚಿದಾಗ ಕೆಳಗೆ ಗ್ಯಾಸಿನ ಒತ್ತಡ ಇಳಿಯುತ್ತದೆ, ಅಷ್ಟೆ. ಹೆಂಡತಿಯನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರೆ ಮನೆಯೂ ಅವನದೇ.

ಇದು ಬರೀ ಕಲ್ಪನೆ ಎನ್ನುವಂತಿಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಮನೆಯವರ ಕೋರಿಕೆ ಮತ್ತು ಇಬ್ಬರು ವೈದ್ಯರ ಸಹಿ ಇದ್ದರೆ ಒಬ್ಬರನ್ನು ಖಾಸಗಿ ಹುಚ್ಚಾಸ್ಪತ್ರೆಗೆ ಒಯ್ಯಬಹುದಿತ್ತು. 1878ರಲ್ಲಿ ಗಾಯಕಿ ಜಾರ್ಜಿನಾ ವೆಲ್ಡನ್‌ಳ ಮನೆಗೆ ವೈದ್ಯರು ಸುಳ್ಳು ಹೆಸರಿನಲ್ಲಿ ಬಂದು, ಆಕೆ ನಡೆಸುತ್ತಿದ್ದ ಅನಾಥಾಲಯದ ಬಗ್ಗೆ ಆಸಕ್ತಿ ಇದ್ದವರಂತೆ ಮಾತನಾಡಿಸಿ ಪರೀಕ್ಷಿಸಿದರು. ಕಳಿಸಿದವನು ದೂರವಾಗಿದ್ದ ಗಂಡ. ಆಕೆ ತಪ್ಪಿಸಿಕೊಂಡು, ಆದೇಶದ ಏಳು ದಿನಗಳ ಅವಧಿ ಮುಗಿಯುವವರೆಗೆ ಅಡಗಿಕೊಂಡಳು. ಆದರೆ ಮದುವೆಯಾದ ಹೆಣ್ಣು ಸ್ವಂತ ಹೆಸರಿನಲ್ಲಿ ದಾವೆ ಹೂಡುವಂತಿರಲಿಲ್ಲ! ವಿವಾಹಿತೆಯರ ಆಸ್ತಿಗೆ ಸಂಬಂಧಿಸಿದ 1882ರ ಕಾಯ್ದೆ ಆ ಹಕ್ಕು ಕೊಟ್ಟಿತು. ಅಲ್ಲಿಂದ ವೆಲ್ಡನ್ ವಕೀಲರ ಹಂಗಿಲ್ಲದೆ, ತಾನೇ ವಾದಿಸಿ ವೈದ್ಯರನ್ನು ನ್ಯಾಯಾಲಯದಲ್ಲಿ ನಿಲ್ಲಿಸಿದಳು. ಇಂಥ ಗದ್ದಲಗಳ ನಂತರ ಬಂದ 1890ರ ಕಾನೂನು, ಖಾಸಗಿ ರೋಗಿಯನ್ನು ಸೇರಿಸಲು ನ್ಯಾಯಾಧಿಕಾರಿಯ ಆಜ್ಞೆ ಬೇಕೆಂದಿತು.

ಸಿನಿಮಾದ ಹೆಸರು ಮುಂದೆ ಭಾಷೆಗೇ ಸೇರಿಹೋಯಿತು. 1969ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಲೇಖನವೊಂದು ಅದನ್ನು ಶೀರ್ಷಿಕೆಯಲ್ಲಿ ಬಳಸಿತು. 2022ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ಗ್ಯಾಸ್‌ಲೈಟಿಂಗ್’ ಅನ್ನು ವರ್ಷದ ಪದವೆಂದು ಆರಿಸಿತು. ಹೀಗೆ ಹಿಡಿತದಲ್ಲಿಡುವುದನ್ನು ಇಂಗ್ಲೆಂಡ್ 2015ರಲ್ಲಿ ಅಪರಾಧವಾಗಿಸಿತು. ನಮ್ಮ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲೂ ಮಾತಿನ, ಮಾನಸಿಕ ಹಿಂಸೆಯ ಪ್ರಸ್ತಾಪವಿದೆ. ಏಟಿನ ಗುರುತು ಮೈಮೇಲೆ ಕಾಣುತ್ತದೆ. ಇದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಚಿತ್ರದಲ್ಲಿ ಪೌಲಾಗೆ ಜೀವ ಬರುವುದು, ಹೊರಗಿನಿಂದ ಬಂದ ಪತ್ತೇದಾರ ಅವಳ ಕೋಣೆಯಲ್ಲಿ ನಿಂತು, ದೀಪ ಮಂಕಾದದ್ದು ತನಗೂ ಕಂಡಿತೆಂದು ಹೇಳಿದಾಗ.