ಮತ್ತೆ ಬಂತು ಕಾರಿನ ಮೆಟ್ಟಿಲು

ವಾಹನದ ಪಕ್ಕದ ಹಲಗೆಯ ಮೇಲೆ ಯಾರೂ ಪ್ರಯಾಣ ಮಾಡಕೂಡದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಂ. ಇಂಗ್ಲಿಷ್ ಮೂಲದಲ್ಲಿ ಈ ಹಲಗೆಯ ಹೆಸರು ‘ರನ್ನಿಂಗ್ ಬೋರ್ಡ್’. ನಮ್ಮ ಬಾಯಲ್ಲಿ ಅದು ಫುಟ್‌ಬೋರ್ಡ್. ಕಾಯ್ದೆ ಬರುವ ಹೊತ್ತಿಗೆ ಹೊಸ ಕಾರುಗಳಲ್ಲಿ ಈ ಹಲಗೆ ಹೆಚ್ಚುಕಡಿಮೆ ಕಣ್ಮರೆಯಾಗಿತ್ತು. ಈಗ ವಿದ್ಯುತ್ ಎಸ್‌ಯುವಿಗಳ ಜತೆ ಅದು ಮತ್ತೆ ಬಂದಿದೆ. ಬಹುಪಾಲು ಬಿಡಿಭಾಗಗಳ ಅಂಗಡಿಯ ಮೂಲಕ.

ಕಾರಿಗೆ ಮೆಟ್ಟಿಲು ಬಂದದ್ದು ಕುದುರೆ ಗಾಡಿಯಿಂದ. ಜಟಕಾ ಹತ್ತಲು ಹಿಂಬದಿಯ ಕಬ್ಬಿಣದ ಮೆಟ್ಟಿಲಿಗೆ ಕಾಲಿಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಆರಂಭದ ಕಾರುಗಳೂ ಗಾಡಿಯಂತೆಯೇ ಎತ್ತರ. ರಸ್ತೆಗಳು ಕೆಟ್ಟಿದ್ದವು, ಚಕ್ರಗಳು ದೊಡ್ಡವು, ಚೌಕಟ್ಟಿನ ಮೇಲೆ ದೇಹ ಕುಳಿತಿತ್ತು. 1908ರಲ್ಲಿ ಬಂದ ಫೋರ್ಡ್ ‘ಮಾಡೆಲ್ ಟಿ’ಯಲ್ಲಿ ಮುಂದಿನ ಮಡ್‌ಗಾರ್ಡಿನಿಂದ ಹಿಂದಿನದರವರೆಗೆ ಹಲಗೆ ಚಾಚಿತ್ತು. ಅದು ಬರೀ ಮೆಟ್ಟಿಲಾಗಿರಲಿಲ್ಲ. ಚಕ್ರ ಎರಚುವ ಕೆಸರನ್ನು ತಡೆಯುತ್ತಿತ್ತು. ದೀಪಕ್ಕೆ ಅಸಿಟಿಲೀನ್ ಅನಿಲ ಒದಗಿಸುವ ಕಾರ್ಬೈಡ್ ಡಬ್ಬಿಗೂ ಅದೇ ಜಾಗ. ಪ್ರವಾಸಕ್ಕೆ ಹೊರಟವರು ಪೆಟ್ಟಿಗೆ, ಹಾಸಿಗೆಗಳನ್ನೂ ಅಲ್ಲೇ ಬಿಗಿಯುತ್ತಿದ್ದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗಾಗಿ 1939ರಲ್ಲಿ ಸಿದ್ಧವಾದ ಲಿಂಕನ್ ಕಾರಿನಲ್ಲಂತೂ ಅಂಗರಕ್ಷಕರು ನಿಲ್ಲಲೆಂದೇ ಅಗಲವಾದ ಹಲಗೆಗಳಿದ್ದವು.

ಆದರೆ ಅಷ್ಟರಲ್ಲಿ ಹಲಗೆಯ ಆಯುಷ್ಯ ಮುಗಿಯುತ್ತ ಬಂದಿತ್ತು. 1936ರ ಕಾರ್ಡ್ 810 ಕಾರು ನೆಲವನ್ನು ತಗ್ಗಿಸಿ ಹಲಗೆಯನ್ನೇ ಕೈಬಿಟ್ಟಿತು. ಎರಡನೇ ಮಹಾಯುದ್ಧದ ಬಳಿಕ ಕಾರಿನ ದೇಹ ಮಡ್‌ಗಾರ್ಡುಗಳಷ್ಟೇ ಅಗಲವಾಗಿ ಹಲಗೆಯ ಜಾಗವನ್ನು ನುಂಗಿಹಾಕಿತು. ಹಟ ಬಿಡದೆ ಉಳಿಸಿಕೊಂಡದ್ದು ಫೋಕ್ಸ್‌ವ್ಯಾಗನ್ ಬೀಟಲ್. 2003ರಲ್ಲಿ ಮೆಕ್ಸಿಕೋದ ಕಾರ್ಖಾನೆಯಿಂದ ಕೊನೆಯ ಬೀಟಲ್ ಹೊರಬಂದಾಗಲೂ ಪಕ್ಕದಲ್ಲಿ ಪುಟ್ಟ ಹಲಗೆ ಇತ್ತು.

ಎಸ್‌ಯುವಿಗಳು ಬಂದ ಮೇಲೆ ಎತ್ತರ ಮರಳಿತು, ಅದರ ಬೆನ್ನಿಗೆ ಮೆಟ್ಟಿಲೂ. ಸೀರೆ ಉಟ್ಟ ಅಜ್ಜಿ, ಮಂಡಿನೋವಿನ ಅಜ್ಜ, ಪುಟ್ಟ ಮಕ್ಕಳು ಇರುವ ಮನೆಯಲ್ಲಿ ಅದು ಶೋಕಿಯ ವಸ್ತುವಲ್ಲ. ಕೊಳ್ಳುವಾಗ ಮಾತ್ರ ಹೊಳಪು ನೋಡಿ ಮರುಳಾಗುವವರೇ ಹೆಚ್ಚು. ದುಂಡನೆಯ ಉಕ್ಕಿನ ಕೊಳವೆ ನೋಟಕ್ಕೆ ಚೆನ್ನ, ಮಳೆಯಲ್ಲಿ ಜಾರುತ್ತದೆ. ಗೀರುಗಳಿರುವ ಚಪ್ಪಟೆ ಹಲಗೆ ವಯಸ್ಸಾದವರ ಪಾದಕ್ಕೆ ಒಗ್ಗುತ್ತದೆ. ಅಲ್ಯೂಮಿನಿಯಂ ಆದರೆ ಹಗುರ. ಬ್ಯಾಟರಿ ಗಾಡಿಯಲ್ಲಿ ಅನಗತ್ಯ ತೂಕವೂ ಗಾಳಿಯ ತಡೆಯೂ ಒಂದಿಷ್ಟು ದೂರವನ್ನು ಕಸಿಯುತ್ತವೆ. ತೀರಾ ಕೆಳಗಿಳಿದರೆ ಹಂಪ್‌ಗಳಿಗೆ ತಗಲುವುದೂ ಖಚಿತ.

ನಿಜವಾದ ಅಪಾಯ ಇರುವುದು ಜೋಡಣೆಯಲ್ಲಿ. ಹಳೆಯ ಜೀಪಿನ ಚೌಕಟ್ಟಿಗೆ ಡ್ರಿಲ್ ಹಾಕಿ ಬೋಲ್ಟ್ ಬಿಗಿದ ಕೈಗಳಿಗೆ ವಿದ್ಯುತ್ ಕಾರೂ ಅಂಥದ್ದೇ ಎನಿಸಬಹುದು. ಅಲ್ಲ. ಇಲ್ಲಿ ನೆಲದಡಿ ಪೂರ್ತಿ ಹರಡಿರುವುದು ನೂರಾರು ವೋಲ್ಟ್‌ಗಳ ಬ್ಯಾಟರಿ. ಬಾಗಿಲ ಕೆಳಗಿನ ದಪ್ಪ ತೊಲೆ, ಪಕ್ಕದಿಂದ ಬಡಿದ ಪೆಟ್ಟು ಬ್ಯಾಟರಿಗೆ ತಾಗದಂತೆ ತಾನು ನಲುಗಿ ಹೀರಿಕೊಳ್ಳುವ ರಕ್ಷಾಕವಚ. ಅದಕ್ಕೆ ತೂತು ಕೊರೆದರೆ ಕವಚ ದುರ್ಬಲವಾಗುತ್ತದೆ, ತುಕ್ಕಿಗೂ ದಾರಿ. ತಯಾರಕರೇ ಬಿಟ್ಟಿರುವ ತೂತುಗಳಿಗೆ ಹೊಂದುವ, ಆಯಾ ಮಾದರಿಗೆಂದೇ ಮಾಡಿದ ಬ್ರಾಕೆಟ್ ಇಲ್ಲದಿದ್ದರೆ ಹಿಂದಿರುಗುವುದೇ ಲೇಸು. ಕಿತ್ತಳೆ ಬಣ್ಣದ ತಂತಿಗಳನ್ನು ಯಾರೂ ಮುಟ್ಟಬಾರದು. ಬಾಗಿಲು ತೆರೆದಾಗ ತಾನೇ ಇಳಿಯುವ ಮೆಟ್ಟಿಲಾದರೆ ಅದಕ್ಕೆ ವಿದ್ಯುತ್ತು ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿಯಿಂದ, ಪ್ರತ್ಯೇಕ ಫ್ಯೂಸ್ ಮೂಲಕ ಬರಬೇಕು. ಇನ್ನೊಂದು, ಜಾಕ್ ಕೊಡುವ ಜಾಗ. ಹಲಗೆ ಅದನ್ನು ಮುಚ್ಚಿಬಿಟ್ಟರೆ ಪಂಕ್ಚರ್ ಅಂಗಡಿಯಲ್ಲಿ ಜಾಕ್ ಬ್ಯಾಟರಿಯ ತಳಕ್ಕೇ ಹೋದೀತು.

ಕಾನೂನಿನ ಕಣ್ಣೂ ಇದೆ. ನೋಂದಣಿ ಪತ್ರದ ವಿವರಗಳು ತಯಾರಕರು ನೀಡಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಕನ್ನಡಿಗಳ ಅಂಚನ್ನೂ ದಾಟಿ ಚಾಚಿದ ಹಲಗೆ ಕಿರಿದಾದ ಓಣಿಯಲ್ಲಿ ಸ್ಕೂಟರ್ ಸವಾರರ ಮೊಣಕಾಲಿಗೂ ಎರವಾಗುತ್ತದೆ. ಹಾಗಾಗಿ ಕೆಲವು ದುಬಾರಿ ವಿದ್ಯುತ್ ಎಸ್‌ಯುವಿಗಳು ಬೇರೊಂದು ಉಪಾಯ ಹೂಡಿವೆ. ಅಮೆರಿಕದ ರಿವಿಯನ್ ಆರ್1ಎಸ್ ಗಾಳಿ ತುಂಬಿದ ಸಸ್ಪೆನ್ಷನ್ ಮೇಲೆ ನಿಂತಿದೆ. ಜನ ಹತ್ತಿಳಿಯುವ ಹೊತ್ತಿಗೆ ಗಾಡಿಯೇ ನೆಲದತ್ತ ತಗ್ಗುತ್ತದೆ.