ಹೋಮ್ ಫೆನ್ನಿನ ಕಬ್ಬಿಣದ ಕಂಬ: ನೆಲದ ಸವೆತದ ಒಂದು ದಾಖಲೆ

ನೆಲ ಎಷ್ಟು ಸವೆಯಿತೆಂದು ಅಳೆಯಬೇಕಾದರೆ ಸವೆಯದ ನೆಲೆಯೊಂದು ಬೇಕು. ಪೀಟ್ ಭೂಮಿಯಲ್ಲಿ ಅದು ದುರ್ಲಭ. ಜೊಂಡು, ಪಾಚಿ ಮೊದಲಾದುವು ನೀರಿನಲ್ಲಿ ಪೂರ್ತಿಯಾಗಿ ಕೊಳೆಯದೆ ಸಾವಿರಾರು ವರ್ಷ ಶೇಖರಗೊಂಡು ಉಂಟಾದ ಈ ಕಪ್ಪು ಮಣ್ಣು, ನೀರು ಬಸಿದೊಡನೆಯೇ ತಗ್ಗತೊಡಗುತ್ತದೆ. ಇಂಗ್ಲೆಂಡಿನ ಪೂರ್ವಭಾಗದ ಫೆನ್ ಪ್ರದೇಶದಲ್ಲಿ ಈ ತೊಡಕಿಗೆ ದೊರೆತ ಪರಿಹಾರವನ್ನು ಇಲ್ಲಿ ಪರಿಶೀಲಿಸುತ್ತೇವೆ.

ವಿಟಲ್‌ಸೀ ಮಿಯರ್ ಎಂಬ ವಿಶಾಲವಾದ ಸರೋವರವನ್ನು 1851ರಲ್ಲಿ ಬರಿದುಮಾಡಿ ಸಾಗುವಳಿಗೆ ತರಲಾಯಿತು. ಅದೇ ವರ್ಷ ಲಂಡನ್ನಿನ ಮಹಾಪ್ರದರ್ಶನದಲ್ಲಿ ಜನರ ಗಮನ ಸೆಳೆದ ಆಪಲ್ಡನ ಪಂಪು ಈ ಕಾರ್ಯಕ್ಕೆ ಒದಗಿತು. ನೆಲ ಕುಸಿಯುವುದೆಂಬುದನ್ನು ಭೂಮಾಲಿಕನಾದ ವಿಲಿಯಂ ವೆಲ್ಸ್ ಮೊದಲೇ ಅರಿತಿದ್ದನು. 1848ರಲ್ಲಿ ಓಕ್ ಮರದ ಗೂಟವೊಂದನ್ನೂ, ಬಳಿಕ ಅದರ ಬದಲಿಗೆ ಎರಕದ ಕಬ್ಬಿಣದ ಕಂಬವನ್ನೂ ಪೀಟಿನ ಅಡಿಯ ಜೇಡಿಯವರೆಗೆ ಹುಗಿದು, ತುದಿಯನ್ನು ನೆಲಮಟ್ಟಕ್ಕೆ ಸರಿಗೊಳಿಸಲಾಯಿತು. ಕಂಬವು ಪ್ರದರ್ಶನದ ಸ್ಫಟಿಕಭವನದ್ದೆಂದು ಐತಿಹ್ಯವುಂಟು. ನಮ್ಮ ವಿಚಾರಕ್ಕೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

1860ರ ವೇಳೆಗೆ ಸುಮಾರು 4 ಅಡಿ 9 ಅಂಗುಲದಷ್ಟು ಕಂಬ ಹೊರಗೆ ಕಾಣುತ್ತಿತ್ತು. 1892ರ ಹೊತ್ತಿಗೆ ಸುಮಾರು 10 ಅಡಿ. ಈಗ ಸುಮಾರು 13 ಅಡಿ. ಮೊದಲ ದಶಕದ ಕುಸಿತವೇ ಒಟ್ಟು ಕುಸಿತದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗಿರುವುದು ಗಮನಾರ್ಹ. 1980ರಲ್ಲಿ ಪ್ರಕಟವಾದ ಹಚಿನ್‌ಸನ್ನರ ಅಧ್ಯಯನವು ಕುಸಿತದ ಘಟ್ಟಗಳನ್ನು ನೀರೆತ್ತುವ ಕ್ರಮದ ಬದಲಾವಣೆಗಳೊಡನೆ ಹೊಂದಿಸಿ ತೋರಿಸಿತು. ನೆಲ ತಗ್ಗಿದಂತೆ ಕಾಲುವೆಯ ನೀರು ಹೊಲಕ್ಕೆ ಸಮೀಪಿಸುತ್ತದೆ. ಆಗ ಇನ್ನೂ ಆಳದಿಂದ ನೀರನ್ನೆತ್ತಬೇಕು. ಎತ್ತಿದರೆ ನೆಲ ಮತ್ತೆ ತಗ್ಗುತ್ತದೆ.

ಆದರೆ ಈ 13 ಅಡಿಯನ್ನು ಸವೆತವೆಂದು ಕರೆಯಬಹುದೆ? ಕೂಡದೆಂದು ನಮ್ಮ ಅಭಿಪ್ರಾಯ. ನೀರಿಳಿದಾಗ ಪೀಟ್ ಕುಗ್ಗಿ ಒತ್ತಾಗುತ್ತದೆ. ಗಾಳಿ ಸೋಕಿದಾಗ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಅದರ ಇಂಗಾಲ ಅನಿಲವಾಗಿ ಹೋಗುತ್ತದೆ. ಉತ್ತ ಹೊಲಗಳಲ್ಲಿ ವಸಂತದ ಬಿರುಗಾಳಿ ಒಣಮಣ್ಣನ್ನು ಹೊತ್ತೊಯ್ಯುತ್ತದೆ. ಕೊನೆಯದು ಮಾತ್ರ ನಿಜವಾದ ಸವೆತ. ಕಂಬವು ಮೂರರ ಮೊತ್ತವನ್ನು ಹೇಳುತ್ತದೆಯೇ ಹೊರತು ಪಾಲನ್ನು ಹೇಳುವುದಿಲ್ಲ. ಅದೂ ಅಲ್ಲದೆ ಕಂಬವಿರುವ ಎಡೆ ಇಂದು ಬರ್ಚ್ ಮರಗಳ ಕಾಡು. ಅಲ್ಲಿನ ಅಂಕಿಯನ್ನು ನೆರೆಯ ಹೊಲಗಳಿಗೆ ನೇರವಾಗಿ ಅನ್ವಯಿಸಲಾಗದು.

ಪಾಲನ್ನು ತಿಳಿಯಲು ಮಣ್ಣಿನ ಸಾಂದ್ರತೆಯನ್ನೂ, ಸುಟ್ಟಾಗ ಉಳಿಯುವ ಬೂದಿಯನ್ನೂ ಪದರ ಪದರವಾಗಿ ಅಳೆಯಬೇಕು. ಇಂಗಾಲ ಅನಿಲವಾದರೂ ಬೂದಿಯ ಅಂಶ ಹಿಂದೆ ಉಳಿಯುತ್ತದೆ. ಗಾಳಿ ಒಯ್ದರೆ ಎರಡೂ ಹೋಗುತ್ತವೆ.

ಮಣ್ಣಿನ ಆಸರೆ ತಪ್ಪಿ ಕಂಬವೂ ಅಸ್ಥಿರವಾಗಲು, 1957ರಲ್ಲಿ ಅದನ್ನು ಉಕ್ಕಿನ ಬಿಗಿಸರಳುಗಳಿಂದ ಭದ್ರಪಡಿಸಿ, ಸಮೀಪದಲ್ಲಿ ಮತ್ತೊಂದು ಕಬ್ಬಿಣದ ಕಂಬವನ್ನು ನೆಡಲಾಯಿತು.