ಕರ್ನಲ್ ವಸಂತ್ ವೇಣುಗೋಪಾಲ್: ಕಲ್ಲಿನ ನೆನಪು, ಊರಿನ ಹೊಣೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಗಳಲ್ಲಿ ಕೆರೆಯ ಏರಿಯ ಬಳಿಯೋ ಹೊಲದ ಬದುವಿನಲ್ಲೋ ನಿಂತಿರುವ ವೀರಗಲ್ಲುಗಳನ್ನು ನೀವು ಕಂಡಿರಬಹುದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದು. ಗಂಗರ, ನೊಳಂಬರ, ಚೋಳರ ಕಾಲದ ಶಾಸನಗಳು ಅದರಲ್ಲಿ ದಾಖಲಾಗಿವೆ. ವೀರಗಲ್ಲುಗಳಲ್ಲಿ ಸ್ಮರಣೆಗೆ ಪಾತ್ರರಾದವರೆಲ್ಲ ಅರಸರಲ್ಲ. ಕಳುವಾದ ದನಗಳನ್ನು ಬಿಡಿಸಿ ತರುವಾಗ, ಊರಿನ ಮೇಲೆ ಬಿದ್ದ ದಾಳಿಯನ್ನು ತಡೆಯುವಾಗ ಮಡಿದ ಸಾಮಾನ್ಯರೇ ಅವರಲ್ಲಿ ಹಲವರು.

ಇಂತಹ ಎಷ್ಟೋ ಶಾಸನಗಳು ಎರಡು ಸಂಗತಿಗಳನ್ನು ಹೇಳುತ್ತವೆ. ಒಂದು, ವೀರನು ಯಾವ ಕಾರಣಕ್ಕೆ ಸತ್ತನೆಂಬುದು. ಇನ್ನೊಂದು, ಅವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯ ವಿವರ. ಈ ದತ್ತಿಗೆ ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರುಗಳಿದ್ದವು. ಹೊಗಳಿಕೆಯ ಜೊತೆಗೆ ಉಳಿದವರ ಜೀವನೋಪಾಯವೂ ಕಲ್ಲಿನ ಮೇಲೆ ಬರೆಯಬೇಕಾದ ಸಂಗತಿಯೆಂದು ನಮ್ಮ ಹಿರಿಯರು ಭಾವಿಸಿದ್ದರು.

ಈ ಹಿನ್ನೆಲೆಯಲ್ಲಿ ನಮ್ಮ ಕಾಲದ ಒಬ್ಬ ಸೇನಾಧಿಕಾರಿಯ ಜೀವನವನ್ನು ನೋಡೋಣ. ಕರ್ನಲ್ ವಸಂತ್ ವೇಣುಗೋಪಾಲ್ ನಮ್ಮ ಜಿಲ್ಲೆಯವರಲ್ಲ. 1967ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆಯವರ ನೌಕರಿಯ ವರ್ಗಾವಣೆಗಳಿಂದಾಗಿ ಕರ್ನಾಟಕದ ಹಲವು ಊರುಗಳಲ್ಲಿ ಬೆಳೆದರು. ಡೆಹರಾಡೂನಿನ ಭಾರತೀಯ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ ಪಡೆದು, 1989ರ ಜೂನ್ ತಿಂಗಳಲ್ಲಿ ಮರಾಠಾ ಲಘು ಪದಾತಿ ದಳದ 9ನೇ ಬೆಟಾಲಿಯನ್ನನ್ನು ಸೇರಿದರು. ಮುಂದೆ ಅದೇ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ ಆದರು.

2007ರ ಜುಲೈ 31ರಂದು ಕಾಶ್ಮೀರದ ಉರಿ ವಲಯದ ಗಡಿಯನ್ನು ದಾಟಿ ಬಂದ ಉಗ್ರರ ಗುಂಪೊಂದು ದಟ್ಟ ಕಾಡಿನಲ್ಲಿ ಅಡಗಿತ್ತು. ನೂರಾರು ಯೋಧರ ಮುಖ್ಯಸ್ಥನಾದವನು ಹಿಂದೆ ನಿಂತು ಆಜ್ಞೆ ಕೊಟ್ಟಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ವಸಂತ್ ಅವರು ಉಗ್ರರು ತಪ್ಪಿಸಿಕೊಳ್ಳುವ ದಾರಿಗಳನ್ನು ಮುಚ್ಚಿಸಿ, ತಾವೇ ಮುಂದಾಳಾಗಿ ನುಗ್ಗಿದರು. ಗುಂಡೇಟು ಬಿದ್ದ ಮೇಲೂ ಹಿಂದೆ ಸರಿಯಲಿಲ್ಲ. ಆ ಕಾರ್ಯಾಚರಣೆಯಲ್ಲಿ ಎಂಟು ಉಗ್ರರು ಹತರಾದರು. ವಸಂತ್ ಅವರೂ, ಅವರೊಡನಿದ್ದ ಲ್ಯಾನ್ಸ್ ನಾಯಕ್ ಶಶಿಕಾಂತ್ ಗಣಪತ್ ಬಚ್ಛಾವ್ ಅವರೂ ಪ್ರಾಣ ತೆತ್ತರು. ವಸಂತ್ ಅವರಿಗೆ ಆಗ ನಲವತ್ತು ವರ್ಷ.

ಶಾಂತಿಕಾಲದ ಶೌರ್ಯಕ್ಕೆ ನಮ್ಮ ದೇಶ ನೀಡುವ ಅತ್ಯುನ್ನತ ಗೌರವ ಅಶೋಕ ಚಕ್ರ. 2008ರ ಗಣರಾಜ್ಯೋತ್ಸವದಂದು ರಾಷ್ಟ್ರಪತಿ ಪ್ರತಿಭಾ ಪಾಟೀಲರ ಕೈಯಿಂದ ಅದನ್ನು ಸ್ವೀಕರಿಸಿದವರು ಪತ್ನಿ ಸುಭಾಷಿಣಿ ವಸಂತ್. ಇಬ್ಬರು ಹೆಣ್ಣುಮಕ್ಕಳ ತಾಯಿಯಾದ ಅವರು ಭರತನಾಟ್ಯ ಕಲಾವಿದೆ.

ಅವರ ಮುಂದಿನ ನಡೆಯೇ ನಮಗೆ ಪಾಠವಾಗಬೇಕಾದದ್ದು. ಪತಿ ಅಗಲಿದ 2007ರಲ್ಲೇ ಅವರು ವಸಂತರತ್ನ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಹುತಾತ್ಮ ಯೋಧರ ಪತ್ನಿಯರಿಗೆ ಧೈರ್ಯ ತುಂಬುವುದು, ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗುವುದು ಅದರ ಕೆಲಸ. ಅಧಿಕಾರಿಯ ಪತ್ನಿಗೆ ಓದು, ನಗರದ ಪರಿಚಯ, ಮಾತನಾಡುವ ಅವಕಾಶ ಇರುತ್ತದೆ. ದೂರದ ಹಳ್ಳಿಯಲ್ಲಿರುವ ಸಿಪಾಯಿಯ ಪತ್ನಿಗೆ ಪಿಂಚಣಿಯ ಅರ್ಜಿಯೇ ಒಂದು ಬೆಟ್ಟವಾಗಬಹುದು. ತಮ್ಮ ದುಃಖದ ನಡುವೆಯೂ ಅಂಥವರ ದುಃಖವನ್ನು ಸುಭಾಷಿಣಿಯವರು ಕಂಡರು. ನೆತ್ತರುಗೊಡಗೆಯ ಹಿಂದಿದ್ದ ಭಾವನೆ ಹೀಗೆ ಹೊಸ ರೂಪದಲ್ಲಿ ಮುಂದುವರಿಯಿತು.

ದೆಹಲಿಯ ಇಂಡಿಯಾ ಗೇಟಿನ ಬಳಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ, ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಗ್ರಾನೈಟ್ ಕಲ್ಲಿನಲ್ಲಿ ಕೆತ್ತಲಾಗಿದೆ. ಕಲ್ಲಿನ ಮೊದಲ ಕರ್ತವ್ಯ ಅಲ್ಲಿ ನೆರವೇರಿದೆ. ಎರಡನೆಯದು ಊರಿನವರಾದ ನಮ್ಮ ಪಾಲಿಗೆ ಉಳಿದಿದೆ.

ಆದ್ದರಿಂದ, ಪ್ರಿಯ ಓದುಗರೇ, ನಿಮ್ಮ ಬೀದಿಯಲ್ಲಿ ಮಗನನ್ನೋ ಗಂಡನನ್ನೋ ಸೇನೆಯಲ್ಲಿ ಕಳೆದುಕೊಂಡ ಮನೆಯಿದ್ದರೆ, ಆಗಸ್ಟ್ 15ರಂದು ಶಾಲು ಹೊದಿಸುವುದಕ್ಕೆ ಮಾತ್ರ ಹೋಗಬೇಡಿರಿ. ಇನ್ನೊಂದು ದಿನವೂ ಹೋಗಿರಿ. ಮಕ್ಕಳ ಶಾಲೆಯ ಶುಲ್ಕ ಕಟ್ಟಿದೆಯೇ, ಕಚೇರಿಯ ಕಾಗದ ಎಲ್ಲಿ ನಿಂತಿದೆ, ಈ ಬಾರಿ ಹೊಲ ಉಳುವವರು ಯಾರು ಎಂದು ವಿಚಾರಿಸಿರಿ.